ಮಿನಿ ಡಿವಿ ಟೇಪು, ಸಣ್ಣ ಡಿವಿಡಿ, ಎಂಟಿಎಸ್ ಫೈಲು: ಮೂರೂ ಕೂಡ್ಸಿ ಒಂದು ವಿಡಿಯೋ ಮಾಡೋದು ಹ್ಯಾಂಗ್ರಿ?

ಶಹಾಬಾದ್‌ಕಲ್ಲು | ಕಲಬುರಗಿ | ಭಾನುವಾರ ರಾತ್ರಿ 10:40

ಎಲ್ಲಾರ್ಗೂ ಶರಣು. ಎಡಿಟಿಂಗ್ ವಿಷಯದಾಗ ನಂದು ಇನ್ನೂ ಒಂದನೇ ಇಯತ್ತಾ, ಅದಕ್ಕ ಸ್ವಲ್ಪ ಸಮಾಧಾನದಿಂದ ಓದ್ರಿ.

ಇನ್ನೆರಡು ತಿಂಗಳಿಗೆ ಅವ್ವ-ಅಪ್ಪನ ಮದುವಿ ಆಗಿ 50 ವರ್ಷ ತುಂಬತದ. ಅವತ್ತು ಮನ್ಯಾಗ ಮಂದಿ ಕೂಡ್ತಾರ. ಟಿವಿ ಮ್ಯಾಲ 20 ನಿಮಿಷದ್ದು ಒಂದು ವಿಡಿಯೋ ಹಚ್ಚಬೇಕು ಅಂತ ನನ್ನ ಆಸೆ. ಸಾಮಾನೆಲ್ಲ ಮನ್ಯಾಗೇ ಅದ, ಆದ್ರ ಒಂದಕ್ಕೊಂದು ಕೂಡಂಗಿಲ್ಲ.

2005ರಾಗ ಅಕ್ಕನ ಮದುವಿ ಆಯ್ತು. ಮಾಮಾ ತಂದಿದ್ದ ಕ್ಯಾಮೆರಾದಾಗ ತೆಗೆದ ಮಿನಿ ಡಿವಿ ಟೇಪು 7 ಅವ. ಕ್ಯಾಮೆರಾ ಇನ್ನೂ ಚಾಲೂ ಅದ. ಆದ್ರ ಯುಎಸ್‌ಬಿ ವೈರ್ ಚುಚ್ಚಿದ್ರ ಅದರ ಮೆಮೊರಿ ಕಾರ್ಡಿನ 11 ಫೋಟೋ ಅಷ್ಟೇ ಕಾಣತಾವ, ಟೇಪಿಂದು ಸುದ್ದೀನೇ ಇಲ್ಲ. 2008ರಾಗ ಶರಣಬಸವೇಶ್ವರ ಜಾತ್ರಿ ತೇರು ಹಿಡಿದದ್ದು ಸಣ್ಣ ಡಿವಿಡಿ ಕ್ಯಾಮೆರಾದಾಗ, ಅಂಗೈಯಷ್ಟಿನ ಡಿಸ್ಕು 3. ಅದ್ರಾಗ ಎರಡು ಓಡ್ತಾವ, ಮೂರನೇದಕ್ಕ ಕಂಪ್ಯೂಟರ್ 'ಖಾಲಿ ಡಿಸ್ಕ್' ಅಂತದ. 2012ರಾಗ ಹೊಸ ಮನಿ ವಾಸ್ತು, ಅದು ಮೆಮೊರಿ ಕಾರ್ಡಿಂದು, ಎಂಟಿಎಸ್ ಅನ್ನೋ ಫೈಲು. ವಿಎಲ್‌ಸಿ ಪ್ಲೇಯರ್‌ದಾಗ ಛಲೋ ಓಡ್ತದ, ನನ್ನ ಎಡಿಟಿಂಗ್ ಸಾಫ್ಟ್‌ವೇರ್‌ದಾಗ ಹಾಕಿದ್ರ ಚಿತ್ರ ತೊದಲ್ತದ, ಧ್ವನಿ ಬರಂಗೇ ಇಲ್ಲ.

ಒಂದು ಫ್ರೀ ಕನ್ವರ್ಟರ್ ಹಾಕಿ ನೋಡಿದೆ. ಅವ್ವನ ಮಾರಿ ಮ್ಯಾಲ ಅಡ್ಡಕ್ಕ ಅವರ ಕಂಪನಿ ಹೆಸ್ರು ಬಂತು, ಮ್ಯಾಲ ಅಪ್ಪ ಕುಂಬಳಕಾಯಿ ಆಗಿ ಅಗಲ ಆದ.

ಟೇಪ್ ಮದುವಿ ಆದ ವರ್ಷಾನೇ ಒಂದು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದ್ವಿ. ಆದ್ರ ಅದ್ರಾಗ ತಳಗ ಅಂಗಡಿ ಹೆಸ್ರು, ಫೋನ್ ನಂಬರ್ ಓಡಲತ್ತಾವ. ಅಕ್ಕ ಗಂಡನ ಮನಿಗೆ ಹೊಂಟಾಗ ಆಯಿ ಏನೋ ಹೇಳತಾಳ, ಅದ್ರ ಮ್ಯಾಲ ಸಿನಿಮಾ ಹಾಡು ಹಾಕ್ಯಾರ. ಆಯಿ ಈಗಿಲ್ಲ. ಆ ಮಾತು ನನಗ ಬೇಕು.

ಕಂಪ್ಯೂಟರ್: ಐ3, 8 ಜಿಬಿ ರ್‍ಯಾಮ್, ವಿಂಡೋಸ್ 10, ಡೆಸ್ಕ್‌ಟಾಪ್. ಹಾರ್ಡ್ ಡಿಸ್ಕ್‌ದಾಗ 140 ಜಿಬಿ ಖಾಲಿ ಅದ.

---

ಬೆಂದಕಾಳೂರಿಗ | ಬೆಂಗಳೂರು | ಭಾನುವಾರ ರಾತ್ರಿ 11:05

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ ಗುರುಗಳೇ. ಆನ್‌ಲೈನ್ ಕನ್ವರ್ಟರ್ ಸೈಟ್‌ಗಳು ಬೇಕಾದಷ್ಟಿವೆ. ಎಲ್ಲಾ ಫೈಲೂ ಅಪ್‌ಲೋಡ್ ಮಾಡಿ, ಎಂಪಿ4 ಮಾಡ್ಕೊಳ್ಳಿ, ಆಮೇಲೆ ಎಡಿಟ್ ಮಾಡಿ. ಮುಗೀತು.

---

ಖಾಲಿಪೀಲಿ | ಕಲಬುರಗಿ | ಭಾನುವಾರ ರಾತ್ರಿ 11:12

ಹೌದ್ರಿ, ಮುಗೀತು. ಒಂದು ಟೇಪ್ ಅಪ್‌ಲೋಡ್ ಆಗೋದ್ರಾಗ ಅವ್ವ-ಅಪ್ಪಗ 60ನೇ ವರ್ಷ ತುಂಬತದ. ನಮ್ಮ ಓಣ್ಯಾಗ ಕರೆಂಟ್ ಎಷ್ಟು ಸಲ ಹೋಗ್ತದ ಗೊತ್ತದೇನ್ರಿ ಬೆಂಗಳೂರು ಸಾಹೇಬ್ರ?

---

ಗಣಕಮ್ಮ | ಕಲಬುರಗಿ | ಸೋಮವಾರ ಬೆಳಿಗ್ಗೆ 6:50

ಶಹಾಬಾದ್‌ಕಲ್ಲು ಅವರೇ, ಸದ್ಯಕ್ಕೆ ಏನನ್ನೂ ಕನ್ವರ್ಟ್ ಮಾಡಬೇಡಿ. ಮಾಡಿದ್ದು ಇದ್ದರೆ ಅಳಿಸಿಹಾಕಿ, ಮೂಲ ಫೈಲು ಮಾತ್ರ ಮುಟ್ಟಬೇಡಿ.

ಫೈಲ್ ಹೆಸರಿನ ಬಾಲದಲ್ಲಿ ಎಂಟಿಎಸ್, ಎವಿಐ, ಎಂಪಿ4 ಅಂತ ಇರುತ್ತದಲ್ಲ, ಅದು ಚೀಲದ ಹೆಸರು. ಚೀಲದೊಳಗೆ ಚಿತ್ರ ಯಾವ ಹಿಂಡುವ ಪದ್ಧತಿಯಲ್ಲಿ, ಅಂದರೆ ಯಾವ ಕೊಡೆಕ್‌ನಲ್ಲಿದೆ, ಧ್ವನಿ ಯಾವುದರಲ್ಲಿದೆ ಎನ್ನುವುದು ಬೇರೆಯೇ ಮಾತು. ನಮ್ಮ ಕಡೆಯವರಿಗೆ ತೊಗರಿ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ತೊಗರಿಯನ್ನು ಗೋಣಿಚೀಲದಿಂದ ಪ್ಲಾಸ್ಟಿಕ್ ಚೀಲಕ್ಕೆ ಸುರಿದರೆ ತೊಗರಿ ತೊಗರಿಯೇ, ಐದು ನಿಮಿಷದ ಕೆಲಸ. ಅದೇ ದಾಲ್ ಮಿಲ್ಲಿಗೆ ಹಾಕಿದಿರಿ ಅನ್ನಿ, ಬೇಳೆ ಬಂತು, ಹೊಟ್ಟು ಹೋಯಿತು, ನುಚ್ಚು ಹೋಯಿತು. ಆ ಬೇಳೆ ತಂದು ಮತ್ತೆ ಬಿತ್ತಲಿಕ್ಕೆ ಬರುವುದಿಲ್ಲ. ಕನ್ವರ್ಟರ್‌ಗಳು ಕೇಳದೆಯೇ ಎಲ್ಲವನ್ನೂ ಮಿಲ್ಲಿಗೆ ಹಾಕುತ್ತವೆ. ಬಹಳ ಸಲ ಚೀಲ ಬದಲಿಸಿದರೆ ಸಾಕಿರುತ್ತದೆ, ಕೆಲವು ಸಲ ಅದೂ ಬೇಡ.

ಮೀಡಿಯಾಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಇದೆ. ಹಾಕಿಕೊಂಡು, ಒಂದು ಎಂಟಿಎಸ್ ಫೈಲು, ಡಿವಿಡಿಯ ಒಂದು ಫೈಲು ಅದರೊಳಗೆ ಎಳೆದು ಬಿಡಿ. ಏನು ತೋರಿಸುತ್ತದೋ ಇಲ್ಲಿ ಬರೆಯಿರಿ. ರೋಗ ಗೊತ್ತಾಗದೆ ಗುಳಿಗೆ ಬೇಡ.

---

ಶಹಾಬಾದ್‌ಕಲ್ಲು | ಸೋಮವಾರ ರಾತ್ರಿ 9:15

ಅಕ್ಕಾರ, ನೋಡೀನ್ರಿ.

ಎಂಟಿಎಸ್: ಚಿತ್ರ ಎವಿಸಿ, 1920×1080, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್, ಟಾಪ್ ಫೀಲ್ಡ್ ಫಸ್ಟ್. ಧ್ವನಿ ಎಸಿ-3, 2 ಚಾನೆಲ್.

ಡಿವಿಡಿಯ ವಿಒಬಿ ಫೈಲು: ಎಂಪೆಗ್ ವಿಡಿಯೋ ಆವೃತ್ತಿ 2, 720×576, 25 ಫ್ರೇಮ್, ಇಂಟರ್‌ಲೇಸ್ಡ್, 4:3. ಧ್ವನಿ ಇದೂ ಎಸಿ-3.

ಇಷ್ಟು ದಿನ ಎಂಟಿಎಸ್ ಅಂದ್ರ ಅದೇನೋ ಬ್ಯಾರೆ ಪ್ರಾಣಿ ಅಂದ್ಕೊಂಡಿದ್ದೆ.

---

ಗಣಕಮ್ಮ | ಸೋಮವಾರ ರಾತ್ರಿ 10:02

ಬೇರೆ ಪ್ರಾಣಿ ಅಲ್ಲ. ಎವಿಸಿ ಅಂದರೆ ಎಚ್.264, ನಿಮ್ಮ ಫೋನಿನ ವಿಡಿಯೋದಲ್ಲಿ ಇರುವುದೂ ಬಹುಪಾಲು ಅದೇ. 2006ರಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಕೂಡಿ ಎವಿಸಿಎಚ್‌ಡಿ ಅಂತ ಒಂದು ಪದ್ಧತಿ ಮಾಡಿದರು, ನಿಮ್ಮ ಕಾರ್ಡಿನಲ್ಲಿರುವುದು ಅದು. ಎಚ್.264 ಚಿತ್ರ, ಎಸಿ-3 ಧ್ವನಿ, ಎರಡನ್ನೂ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂಬ ಚೀಲದಲ್ಲಿ ಕಟ್ಟಿದ್ದಾರೆ.

ಧ್ವನಿ ಬಾರದ್ದಕ್ಕೆ ಕಾರಣ ಫೈಲಿನದಲ್ಲ. ನಿಮ್ಮ ಎಡಿಟಿಂಗ್ ತಂತ್ರಾಂಶಕ್ಕೆ ಎಸಿ-3 ಓದಲು ಬರುವುದಿಲ್ಲ. ವಿಎಲ್‌ಸಿ ತನ್ನ ಡಿಕೋಡರ್‌ಗಳನ್ನು ತಾನೇ ಹೊತ್ತು ತಿರುಗುತ್ತದೆ, ಅದಕ್ಕೇ ಅಲ್ಲಿ ಓಡುತ್ತದೆ. ಚಿತ್ರ ತೊದಲುವುದು ಬೇರೆ ಕಾರಣಕ್ಕೆ. ಎಚ್.264ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ ಆಗಿರುವುದಿಲ್ಲ. ಒಂದು ಪೂರ್ತಿ ಚಿತ್ರ, ಅದರ ಹಿಂದೆ ಹತ್ತು ಹನ್ನೆರಡು ಫ್ರೇಮುಗಳಲ್ಲಿ 'ಹಿಂದಿನದಕ್ಕಿಂತ ಇಷ್ಟು ಬದಲಾಯಿತು' ಎಂಬ ಲೆಕ್ಕ ಮಾತ್ರ. ನೀವು ನಡುವೆ ಎಲ್ಲೋ ಕತ್ತರಿ ಇಟ್ಟರೆ ಕಂಪ್ಯೂಟರ್ ಹಿಂದಕ್ಕೆ ಓಡಿಹೋಗಿ ಮೊದಲಿನಿಂದ ಲೆಕ್ಕ ಹಾಕಿಕೊಂಡು ಬರಬೇಕು. ಐ3 ಬೆವರುವುದು ಅಲ್ಲಿ.

ಆದ್ದರಿಂದ ನನ್ನ ಸಲಹೆ ಫೈಲು ಬದಲಿಸುವುದಲ್ಲ, ತಂತ್ರಾಂಶ ಬದಲಿಸುವುದು. ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಹಾಕಿಕೊಳ್ಳಿ. ಎರಡೂ ಉಚಿತ, ಯಾರ ಮಾರಿ ಮೇಲೂ ಹೆಸರು ಬರೆಯುವುದಿಲ್ಲ. ಒಳಗೆ ಎಫ್‌ಎಫ್‌ಎಂಪೆಗ್ ಎಂಬ ಹಲವು ಕೊಡೆಕ್ ಓದುವ ಉಪಕರಣ ಇರುವುದರಿಂದ ಎಂಟಿಎಸ್, ವಿಒಬಿ, ಡಿವಿ ಮೂರನ್ನೂ ಹಾಗೇ ಓದುತ್ತವೆ. ಎರಡರಲ್ಲೂ ಪ್ರಾಕ್ಸಿ ಇದೆ. ಅಂದರೆ ಎಡಿಟಿಂಗ್ ಮಾಡುವಾಗ ಸಣ್ಣ, ಹಗುರ ನಕಲು ಬಳಸಿ, ಕೊನೆಗೆ ಫೈಲು ಹೊರಡಿಸುವಾಗ ಮೂಲದಿಂದಲೇ ತೆಗೆದುಕೊಳ್ಳುತ್ತದೆ.

ಇನ್ನೊಂದು. ಕಾರ್ಡಿನಿಂದ ಎಂಟಿಎಸ್ ಫೈಲುಗಳನ್ನಷ್ಟೇ ಹೆಕ್ಕಿಕೊಂಡಿದ್ದೀರೋ, ಪೂರ್ತಿ ಫೋಲ್ಡರ್ ನಕಲು ಮಾಡಿದ್ದೀರೋ? ಕಾರ್ಡು ಫ್ಯಾಟ್32 (ದೊಡ್ಡ ಫೈಲು ಹಿಡಿಸದ ಹಳೇ ಫಾರ್ಮ್ಯಾಟ್) ಆಗಿರುವುದರಿಂದ ಉದ್ದನೆಯ ಶಾಟ್ ಅನ್ನು ಕ್ಯಾಮೆರಾ ತುಂಡು ಮಾಡಿ ಇಟ್ಟಿರುತ್ತದೆ. ತುಂಡುಗಳನ್ನು ಬೇರೆ ಬೇರೆ ಕನ್ವರ್ಟ್ ಮಾಡಿ ಆಮೇಲೆ ಅಂಟಿಸಿದರೆ ಸಂದಿನಲ್ಲಿ ಧ್ವನಿ 'ಟಕ್' ಅನ್ನುತ್ತದೆ. ಮಂತ್ರ ನಡೆಯುವಾಗ ಬಂದರೆ ಭಟ್ಟರಿಗೆ ಬಿಕ್ಕಳಿಕೆ ಬಂದ ಹಾಗೆ ಕೇಳುತ್ತದೆ. ಮೊದಲು ಮೂಲ ತುಂಡುಗಳನ್ನೇ ಕೂಡಿಸಿ.

---

ಬೆಂದಕಾಳೂರಿಗ | ಸೋಮವಾರ ರಾತ್ರಿ 10:30

ಸರಿ, ಆನ್‌ಲೈನ್ ಬೇಡ, ಒಪ್ಪಿದೆ. ಆದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರ್ ಇದೆಯಲ್ಲ ಮೇಡಂ? ಎಲ್ಲವನ್ನೂ ಒಂದೇ ಅಳತೆಗೆ ತಂದುಬಿಟ್ರೆ ಎಡಿಟಿಂಗ್ ಸಲೀಸು. ನಾನು ಆಫೀಸ್ ವಿಡಿಯೋಗಳನ್ನ ಹಾಗೇ ಮಾಡೋದು.

---

ಗಣಕಮ್ಮ | ಸೋಮವಾರ ರಾತ್ರಿ 10:41

ಹ್ಯಾಂಡ್‌ಬ್ರೇಕ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದಕ್ಕೆ ಚೀಲ ಬದಲಿಸಲು ಬರುವುದಿಲ್ಲ, ಚಿತ್ರವನ್ನು ಮಿಲ್ಲಿಗೆ ಹಾಕಿಯೇ ತೀರುತ್ತದೆ. ಎಡಿಟಿಂಗ್‌ಗೆ ಮೊದಲು ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ, ಎರಡು ಸಲ ಮಿಲ್ಲು ಯಾಕೆ? ಸಿದ್ಧವಾದ ವಿಡಿಯೋವನ್ನು ವಾಟ್ಸಾಪ್‌ಗೆ ಸಣ್ಣದು ಮಾಡಲು ಅದು ಸರಿ. 720×576ರ ಹಳೇ ಟೇಪಿನಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ.

---

ಹಳೇ_ರೀಲು | ಆಳಂದ ರೋಡ್, ಕಲಬುರಗಿ | ಮಂಗಳವಾರ ಮಧ್ಯಾಹ್ನ 1:20

ಟೇಪಿನ ಮಾತು ಯಾರೂ ಎತ್ತಲಿಲ್ಲಲ್ಲ ಅಂತ ನೋಡಲತ್ತಿದ್ದೆ. ನಾ ಮದುವಿ ಶೂಟಿಂಗ್ ಮಾಡಿ ಹೊಟ್ಟಿ ಹೊರಕೊಂಡಾಂವ, ಈಗ ಬಿಟ್ಟೀನಿ.

ತಮ್ಮಾ, ನಿನ್ನ ಕ್ಯಾಮೆರಾದ ಯುಎಸ್‌ಬಿ ಫೋಟೋಕ್ಕ ಅಷ್ಟೇ. ಟೇಪ್ ಬರೋ ದಾರೀನೇ ಬ್ಯಾರೆ. ಕ್ಯಾಮೆರಾದ ಬದಿಗೆ ರಬ್ಬರ್ ಮುಚ್ಚಳ ತೆಗೆದು ನೋಡು. 'ಡಿವಿ' ಇಲ್ಲಾ 'ಐ.ಲಿಂಕ್' ಅಂತ ಬರೆದ ಸಣ್ಣ ತೂತು ಇರ್ತದ, ಒಳಗ 4 ಪಿನ್. ಅದೇ ಫೈರ್‌ವೈರ್. ಕಂಪ್ಯೂಟರಿಗೆ ಫೈರ್‌ವೈರ್ ಕಾರ್ಡ್ ಬೇಕು. ನಿಂದು ಡೆಸ್ಕ್‌ಟಾಪ್ ಅಂದಿ, ಬಚಾವ್ ಆದಿ, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕಾರ್ಡ್ ಕೂಡ್ತದ. ಕಾರ್ಡಿನ ಕಡಿ 6 ಪಿನ್, ಕ್ಯಾಮೆರಾ ಕಡಿ 4 ಪಿನ್, ಅಂಥಾ ವೈರು. ಯುಎಸ್‌ಬಿಗೆ ಫೈರ್‌ವೈರ್ ಮೂತಿ ಹಚ್ಚಿದ ಅಗ್ಗದ ಅಡಾಪ್ಟರ್ ಮಾರ್ತಾರ, ತಗೋಬ್ಯಾಡ. ಎರಡರ ಭಾಷಾನೇ ಬ್ಯಾರೆ, ಬರೇ ಮೂತಿ ಕೂಡಿದ್ರ ಮಾತು ನಡಿಯಂಗಿಲ್ಲ.

ಫೈರ್‌ವೈರ್‌ದಾಗ ಟೇಪ್ ಇಳಿಸೋದು ಕನ್ವರ್ಷನ್ ಅಲ್ಲ. ಮಿನಿ ಡಿವಿ ಟೇಪಿನ ಮ್ಯಾಲ ಇರೋದೇ ಸೊನ್ನಿ-ಒಂದು. ಅದು ಹ್ಯಾಂಗದ ಹಂಗೇ ಇಳಿದು ಬರ್ತದ, ಒಂದು ಚುಕ್ಕಿ ಹೆಚ್ಚಿಲ್ಲ, ಕಡಿಮಿಲ್ಲ. ನಿಮ್ಮ ಅಂಗಡಿಯಾಂವ ಡಿವಿಡಿ ಮಾಡುವಾಗ ಅದನ್ನ ಎಂಪೆಗ್-2ಕ್ಕ ಹಿಂಡಿದಾನ. ಟೇಪ್ ನಿನ್ನ ಹತ್ರ ಅದ ಅಂದ ಮ್ಯಾಲ ಆ ಡಿವಿಡಿ ಕಡಿ ನೋಡಲೇಬ್ಯಾಡ. ಆಯಿ ಮಾತು ಟೇಪಿನ್ಯಾಗ ಹಾಡಿಲ್ಲದೇ ಕೂತಿರ್ತದ.

ಲೆಕ್ಕ ಕೇಳು. ಒಂದು ತಾಸಿನ ಟೇಪಿಗೆ 13 ಜಿಬಿ. 7 ಟೇಪಿಗೆ 91. ನಿನ್ನ 140ರಾಗ ಹಿಡಿಸ್ತದ, ಆದ್ರ ಬಿಗಿ ಆಯ್ತು. ಒಂದು ತಾಸಿನ ಟೇಪ್ ಇಳಿಯಾಕ ಒಂದೇ ತಾಸು ಬೇಕು, ಅವಸರ ನಡಿಯಂಗಿಲ್ಲ. ನಾ 2004ರಾಗ ಪೆಂಟಿಯಂ 4, 40 ಜಿಬಿ ಡಿಸ್ಕಿನ ಮ್ಯಾಲ ಮದುವಿ ಕಟ್ಟಿದಾಂವ. ಮೂರು ಟೇಪ್ ಇಳಿಸಿದ್ರ ಡಿಸ್ಕ್ ತುಂಬಿ ಹೋಗ್ತಿತ್ತು. ಮೂರು ಇಳಿಸಿ, ಕಟ್ ಮಾಡಿ, ಅಳಿಸಿ, ಮತ್ತ ಮೂರು. ಮದುವಿ ಆದ ಮಂದಿಗೆ ಮಗು ಹುಟ್ಟಿದ ಮ್ಯಾಲ ಕ್ಯಾಸೆಟ್ ಕೊಟ್ಟದ್ದೂ ಉಂಟು.

ಟೇಪ್ ಹಾಕೋ ಮುಂಚಿ ಒಮ್ಮೆ ಪೂರಾ ಮುಂದಕ್ಕ ಓಡಿಸಿ, ಪೂರಾ ಹಿಂದಕ್ಕ ಓಡಿಸು. ಇಷ್ಟು ವರ್ಷ ಅಲ್ಮಾರದಾಗ ಬಿಗಿದು ಕೂತದ, ನಮ್ಮೂರ ಬ್ಯಾಸಗಿ ಬ್ಯಾರೆ ಉಂಡದ. ಚಿತ್ರ ಚೌಕ ಚೌಕ ಒಡದ್ರ ಹೆಡ್ ಹೊಲಸಾಗ್ಯದ ಅಂತ ಅರ್ಥ. ಹೆಡ್ ಕ್ಲೀನಿಂಗ್ ಕ್ಯಾಸೆಟ್ 10 ಸೆಕೆಂಡ್ ಓಡಿಸು, ಹೆಚ್ಚು ಬ್ಯಾಡ, ಅದು ಉಜ್ಜೋ ಕಾಗದ ಇದ್ದಂಗ. ಬ್ಯಾಟರಿ ಮ್ಯಾಲ ನಂಬಿಕಿ ಇಡಬ್ಯಾಡ, ಅಡಾಪ್ಟರ್ ಹಚ್ಚು. ಕ್ಯಾಮೆರಾ, ಕಂಪ್ಯೂಟರ್ ಎರಡೂ ಬಂದ್ ಮಾಡಿ ವೈರ್ ಚುಚ್ಚು. ಯುಪಿಎಸ್ ಇಲ್ಲಂದ್ರ ಮೊದ್ಲು ಅದನ್ನ ನೋಡ್ಕೋ.

ಸಾಫ್ಟ್‌ವೇರ್ ವಿನ್‌ಡಿವಿ, ಸಣ್ಣದು, ಪುಕಟ. ವಿಂಡೋಸ್ 10ರಾಗ ಕ್ಯಾಮೆರಾ ಕಾಣದಿದ್ರ ಫೈರ್‌ವೈರ್‌ದ ಹಳೇ ಕಾಲದ ಲೆಗಸಿ ಡ್ರೈವರ್ ಹಾಕಬೇಕು. ಕಾರ್ಡು, ವೈರು ಎರಡೂ ನನ್ನ ಹತ್ರ ಧೂಳು ತಿನ್ಕೋತ ಬಿದ್ದಾವ. ಜಗತ್ ಸರ್ಕಲ್ ಕಡಿ ಬಂದ್ರ ಮೆಸೇಜ್ ಹಾಕು, ಕೊಡ್ತೀನಿ.

---

ಬಿದ್ರಿ_ಕುಸುರಿ | ಬೀದರ | ಮಂಗಳವಾರ ಸಂಜೆ 5:45

ಮೂರನೇ ಡಿಸ್ಕ್ 'ಖಾಲಿ' ಅಂತದ ಅಂದ್ರಲ್ಲ, ನಮ್ಮ ಮನ್ಯಾಗೂ ಇದೇ ಆಗಿತ್ತು. ಅದು ಖಾಲಿ ಅಲ್ರಿ. ಸಣ್ಣ ಡಿವಿಡಿ ಕ್ಯಾಮೆರಾದಾಗ ರೆಕಾರ್ಡ್ ಮುಗಿದ ಮ್ಯಾಲ 'ಫೈನಲೈಸ್' ಅಂತ ಒಂದು ಮಾಡಬೇಕಿತ್ತು. ಮಾಡದಿದ್ರ ಡಿಸ್ಕಿನ ಮ್ಯಾಲ ವಿಡಿಯೋ ಇರ್ತದ, ಪರಿವಿಡಿ ಇರಂಗಿಲ್ಲ. ಆ ಕ್ಯಾಮೆರಾದಾಗೇ ಡಿಸ್ಕ್ ಹಾಕಿ ಮೆನುದಾಗ ಫೈನಲೈಸ್ ಹುಡುಕ್ರಿ. ನನ್ನ ಕ್ಯಾಮೆರಾದ ಬ್ಯಾಟರಿ ಸತ್ತಿತ್ತು, ಅಡಾಪ್ಟರ್ ಮ್ಯಾಲ ನಡೀತು. ಅದು ಮುಗಿಯೋ ತನಕ ಮುಚ್ಚಳ ತೆಗೀಬ್ಯಾಡ್ರಿ, ಅಲುಗಾಡಿಸಬ್ಯಾಡ್ರಿ.

ಆಮ್ಯಾಲ ಇನ್ನೊಂದು, ಲ್ಯಾಪ್‌ಟಾಪಿನ ಸೀಳಿನ್ಯಾಗ ತೂರಿಸೋ ನಮೂನಿ ಡ್ರೈವ್ ಇದ್ರ ಆ ಸಣ್ಣ ಡಿಸ್ಕ್ ಹಾಕಬ್ಯಾಡ್ರಿ. ನಮ್ಮ ಅಳಿಯ ಹಾಕಿದಾನ. ಅದನ್ನ ತೆಗೆಯಾಕ ಸ್ಕ್ರೂ ಡ್ರೈವರ್ ಬಂತು. ಟ್ರೇ ಹೊರಗ ಬರೋ ಡ್ರೈವಿಗೆ ತೊಂದ್ರಿ ಇಲ್ಲ, ನಡುವಿನ ಸಣ್ಣ ತಗ್ಗಿನ್ಯಾಗ ಕೂಡ್ತದ.

---

ಗಣಕಮ್ಮ | ಮಂಗಳವಾರ ರಾತ್ರಿ 9:30

ಬಿದ್ರಿಯವರು ಹೇಳಿದ್ದು ಸರಿ. ಫೈನಲೈಸ್ ಆದಮೇಲೆ ಡಿಸ್ಕಿನಲ್ಲಿ ವಿಡಿಯೋ ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಒಳಗಿನ ವಿಒಬಿ ಫೈಲುಗಳಲ್ಲಿ ಕೊನೆಯಲ್ಲಿ 0 ಇರುವುದು ಮೆನು, 1ರಿಂದ ಮುಂದಿನವು ವಿಡಿಯೋ. ಒಂದೊಂದು 1 ಜಿಬಿಗೆ ಕಡಿದಿರುತ್ತದೆ. ಡಿಸ್ಕೇ 1.4 ಜಿಬಿ ಆದ್ದರಿಂದ ನಿಮಗೆ ಎರಡು ತುಂಡು ಸಿಗುತ್ತವೆ, ಅದೂ ತೇರು ಅರ್ಧ ಎಳೆದಾಗ ಕಡಿದಿದ್ದರೆ ಆಶ್ಚರ್ಯವಿಲ್ಲ. ಶಟರ್ ಎನ್‌ಕೋಡರ್ ಎಂಬ ಉಚಿತ ತಂತ್ರಾಂಶದಲ್ಲಿ ಮಿಲ್ಲಿಗೆ ಹಾಕದೆ ಹಾಗೇ ಕೂಡಿಸಬಹುದು.

---

ಖಾಲಿಪೀಲಿ | ಮಂಗಳವಾರ ರಾತ್ರಿ 10:15

ಅಳಿಯನ ಸುದ್ದಿ ಪೂರ್ತಿ ಹೇಳ್ರಿ ಬಿದ್ರಿ ಅಣ್ಣಾ. ಡಿಸ್ಕ್ ಉಳೀತೋ, ಲ್ಯಾಪ್‌ಟಾಪ್ ಉಳೀತೋ, ಅಳಿಯ ಉಳದ್ನೋ?

---

ಬಿದ್ರಿ_ಕುಸುರಿ | ಮಂಗಳವಾರ ರಾತ್ರಿ 10:20

ಡಿಸ್ಕ್ ಉಳೀತ್ರಿ.

---

ಭೀಮಾತೀರ | ಯಾದಗಿರಿ | ಬುಧವಾರ ಬೆಳಿಗ್ಗೆ 8:10

ನಡುವ ಬಾಯಿ ಹಾಕಲತ್ತೀನಿ, ಕ್ಷಮಿಸ್ರಿ. ನನ್ನ ಹತ್ರಾನೂ ಮಿನಿ ಡಿವಿ ಅದ, 4 ಟೇಪು. ಅಣ್ಣ ಅಮೇರಿಕಾದಿಂದ ತಂದ ಕ್ಯಾಮೆರಾ. ಇಲ್ಲಿಯ ಟಿವಿಗೆ ಹಚ್ಚಿದ್ರ ಮೊದ್ಲಿಂದಲೂ ಕಪ್ಪು-ಬಿಳಿ ಬರ್ತಿತ್ತು, ಮ್ಯಾಲ ಓಡ್ತಿತ್ತು. ಇದೂ ಫೈರ್‌ವೈರ್‌ದಾಗ ಇಳೀತದೇನು?

---

ಹಳೇ_ರೀಲು | ಬುಧವಾರ ಮಧ್ಯಾಹ್ನ 12:50

ಇಳೀತದ. ಅದು ಎನ್‌ಟಿಎಸ್‌ಸಿ, ನಮ್ದು ಪಾಲ್, ಎರಡೂ ಟಿವಿ ಚಿತ್ರದ ಪದ್ಧತಿ. ನಮ್ದು 576 ಗೆರಿ, ಸೆಕೆಂಡಿಗೆ 25 ಫ್ರೇಮ್. ಅವರ್ದು 480 ಗೆರಿ, 29.97. ಟಿವಿಗೆ ಅದು ಜಗಳ, ಕಂಪ್ಯೂಟರಿಗೆ ಎರಡೂ ಒಂದೇ. ಆ ಕ್ಯಾಮೆರಾದಾಗೇ ಓಡಿಸಿ ಇಳಿಸು. ಎಡಿಟ್ ಮಾಡುವಾಗ ಎಲ್ಲಾ ಅಮೇರಿಕಾದ್ದೇ ಇದ್ರ ಪ್ರಾಜೆಕ್ಟ್ 29.97ಕ್ಕೇ ಇಡು. 25ರ ಜತಿ ಬೆರಸಿದ್ರ ಕೆಲವು ಫ್ರೇಮ್ ಹಾರಿಸ್ತದ, ನಡೆಯೋ ಮನುಷ್ಯಾ ಕುಂಟಿದಂಗ ಕಾಣ್ತಾನ.

---

ಶಹಾಬಾದ್‌ಕಲ್ಲು | ಶನಿವಾರ ರಾತ್ರಿ 11:55

ಕಾಕಾನ ಕಡಿಯಿಂದ ಕಾರ್ಡು, ವೈರು ತಂದೆ. ಚಹಾನೂ ಕುಡಿಸಿದ್ರು. ಲೆಗಸಿ ಡ್ರೈವರ್ ಹಾಕಿದ ಮ್ಯಾಲೇ ಕ್ಯಾಮೆರಾ ಕಾಣ್ತು. ಮೊದಲ್ನೇ ಟೇಪ್ ಹಚ್ಚಿದೆ, ಹಂದರದ ತೆಂಗಿನಗರಿ ಕಂಡವು. ಖುಷಿ ಆಗಿ ಊಟಕ್ಕ ಕೂತೆ.

ಬಂದು ನೋಡಿದ್ರ ನಿಂತದ. 19 ನಿಮಿಷಕ್ಕ. ಮತ್ತ ಹಚ್ಚಿದೆ, ಮತ್ತ 19ಕ್ಕೇ ನಿಂತ್ತು. ಮೂರನೇ ಸಲಾನೂ ಅಷ್ಟೇ. ಟೇಪ್ ಕೆಟ್ಟದಂದ್ರ ಅದೇ ಜಾಗಕ್ಕ ನಿಲ್ಲಬೇಕು, ಆದ್ರ ನಾ ಎಲ್ಲಿಂದ ಚಾಲೂ ಮಾಡಿದ್ರೂ 19 ನಿಮಿಷ ಆದ ಮ್ಯಾಲೇ ನಿಲ್ಲಲತ್ತದ. ಏನಿದು?

---

ಗಣಕಮ್ಮ | ಭಾನುವಾರ ಬೆಳಿಗ್ಗೆ 6:30

ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸುತ್ತಿದ್ದೀರಾ? ಅದು ಫ್ಯಾಟ್32 ಇದೆಯಾ ನೋಡಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ತಾಸಿಗೆ 13 ಜಿಬಿ ಅಂದರೆ 4 ಜಿಬಿ ತುಂಬಲು 18-19 ನಿಮಿಷ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಒಳಗೆ ಇರುವುದನ್ನು ಮೊದಲು ತೆಗೆದಿಟ್ಟುಕೊಂಡು.

---

ಶಹಾಬಾದ್‌ಕಲ್ಲು | ಭಾನುವಾರ ಬೆಳಿಗ್ಗೆ 7:02

ಹೌದ್ರಿ ಅಕ್ಕಾರ, ಫ್ಯಾಟ್32. ಒಳಗ ಜಾಗ ಬಿಗಿ ಅಂತ ತಮ್ಮನ ಡಿಸ್ಕ್ ಹಚ್ಚಿದ್ದೆ. ರಾತ್ರಿಯೆಲ್ಲ ಟೇಪಿಗೆ ಬೈದೆ.

---

ಹಳೇ_ರೀಲು | ಭಾನುವಾರ ಬೆಳಿಗ್ಗೆ 9:40

ಟೇಪಿಗೆ ಬೈಬ್ಯಾಡೋ ತಮ್ಮಾ, ಅದು ದೊಡ್ಡ ಮನಸಿಂದು.

---

ಶಹಾಬಾದ್‌ಕಲ್ಲು | ಎರಡು ವಾರದ ಮ್ಯಾಲ, ಗುರುವಾರ ರಾತ್ರಿ

7 ಟೇಪೂ ಇಳಿದವು. 5ನೇದು ಚೌಕ ಚೌಕ ಒಡೀತಿತ್ತು, ಕ್ಲೀನಿಂಗ್ ಕ್ಯಾಸೆಟ್ ಎರಡು ಸಲ ಓಡಿಸಿದ ಮ್ಯಾಲ ಸುದ್ದ ಆಯ್ತು. ಮೂರನೇ ಡಿಸ್ಕೂ ಫೈನಲೈಸ್ ಆಗಿ ಬಾಯಿ ಬಿಟ್ಟದ. ಎಂಟಿಎಸ್ ಶಾಟ್‌ಕಟ್‌ದಾಗ ಧ್ವನಿ ಸಮೇತ ಬಂತು, ಪ್ರಾಕ್ಸಿ ಹಾಕಿದ ಮ್ಯಾಲ ಐ3 ಸುಮ್ಮನ ಕೆಲಸ ಮಾಡಲತ್ತದ.

ಆಯಿ ಮಾತು ಸಿಕ್ತು. ಡಿವಿಡಿದಾಗ ಹಾಡು ಇದ್ದಲ್ಲಿ ಟೇಪಿನ್ಯಾಗ ಬರೇ ಮಂದಿ ಗದ್ದಲ, ಅದರ ನಡುವ ಆಯಿ ಅಕ್ಕನ ಸೆರಗ ಹಿಡಕೊಂಡು ಹೇಳಲತ್ತಾಳ: "ರೊಟ್ಟಿ ಕಟ್ಟೀನಿ, ಶೇಂಗಾ ಹಿಂಡಿ ಡಬ್ಬಿ ಕೆಂಪು ಚೀಲದಾಗ ಅದ, ಬಸ್ಸಿನ್ಯಾಗ ಮರತ್ ಬಿಟ್ಟಿ." ನಾ ಏನೇನೋ ಅಂದ್ಕೊಂಡಿದ್ದೆ. ಅಕ್ಕಗ ಫೋನ್ ಹಚ್ಚಿ ಕೇಳಿಸಿದೆ. "ಮರತೇ ಬಿಟ್ಟಿದ್ದೆ ನೋಡೋ, ಆ ಚೀಲ ಬಸ್ಸಿನ್ಯಾಗೇ ಹೋಯ್ತು" ಅಂದ್ಳು.

ಇನ್ನೊಂದು ಮಜಾ. ವಿನ್‌ಡಿವಿ ಫೈಲಿನ ಹೆಸರಿಗೆ ಟೇಪಿನ್ಯಾಗಿನ ತಾರೀಖು ಹಚ್ಚತದ. 7ನೇ ಟೇಪಿನ ಮ್ಯಾಲ 'ಮದುವಿ, ಊಟ' ಅಂತ ಬರದದ, ಆದ್ರ ಕಡೀ 6 ನಿಮಿಷದ ತಾರೀಖು ಮದುವಿ ಆಗಿ ಎಂಟು ತಿಂಗಳ ಮ್ಯಾಲಿಂದು. ನಡುವ ಒಂದಿಷ್ಟು ನೀಲಿ ಪರದಾ, ಅದಕ್ಕೇ ಯಾರೂ ಮುಂದ ನೋಡಿಲ್ಲ. ನೋಡಿದ್ರ ಅಪ್ಪ ಅಂಗಳದಾಗ ತೊಗರಿ ಹರವಿ ಕಾಲಿಲೆ ಕೆದರಲತ್ತಾನ, ಅವ್ವ ಮೊರ ಹಿಡಕೊಂಡು "ಚಪ್ಲಿ ಬಿಡ್ರಿ ಮೊದ್ಲು" ಅಂತ ಬೈಲತ್ತಾಳ.

ಈಗ ಎರಡು ತೊಂದ್ರಿ ಉಳದಾವ. ಒಂದು, ಅಕ್ಷತಿ ಹಾಕುವಾಗ, ತೇರು ಎಳಿಯುವಾಗ ಕೈ ಅಲುಗಿದಲ್ಲೆಲ್ಲ ಅಡ್ಡ ಗೆರಿ ಗೆರಿ, ಬಾಚಣಿಕಿ ಹಲ್ಲಿನಂಗ. ಇನ್ನೊಂದು, ಹಳೇದು ಚೌಕ, ಹೊಸದು ಅಗಲ. ಒಂದರ ಹಿಂದ ಒಂದು ಹ್ಯಾಂಗ ಜೋಡಿಸ್ಲಿ?

---

ಗಣಕಮ್ಮ | ಶುಕ್ರವಾರ ಬೆಳಿಗ್ಗೆ 6:45

ಆ ಬಾಚಣಿಕೆ ಹಲ್ಲು ಕೆಟ್ಟದ್ದಲ್ಲ, ಇಂಟರ್‌ಲೇಸ್. ಹಳೇ ಟಿವಿ ಕಾಲದಲ್ಲಿ ಒಂದು ಫ್ರೇಮನ್ನು ಎರಡು ಕಂತಿನಲ್ಲಿ ಹಿಡಿಯುತ್ತಿದ್ದರು, ಮೊದಲು ಬೆಸ ಗೆರೆ, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದು ಸಮ ಗೆರೆ, ಅಥವಾ ಉಲ್ಟಾ. ಅಷ್ಟರಲ್ಲಿ ಅಕ್ಷತೆ ಹಾಕುವ ಕೈ ಮುಂದೆ ಹೋಗಿರುತ್ತದೆ. ಎರಡನ್ನೂ ಒಟ್ಟಿಗೆ ತೋರಿಸಿದರೆ ಹಲ್ಲು ಕಾಣುತ್ತದೆ. ಶಾಟ್‌ಕಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಸ್ಕ್ಯಾನ್ ಮೋಡ್ ಪ್ರೊಗ್ರೆಸಿವ್ ಇಟ್ಟು, ಡಿಇಂಟರ್‌ಲೇಸರ್‌ನಲ್ಲಿ ಯಾಡಿಫ್ ಇಲ್ಲವೇ ಬಿಡಬ್ಲ್ಯುಡಿಫ್ ಆರಿಸಿ. ಒಂದು ಎಚ್ಚರ, ಕಂತಿನ (ಫೀಲ್ಡಿನ) ಸರದಿ ಬೇರೆ ಬೇರೆ. ನಿಮ್ಮ ಎಂಟಿಎಸ್ ಟಾಪ್ ಫೀಲ್ಡ್ ಮೊದಲು, ಡಿವಿ ಟೇಪು ಬಾಟಮ್ ಫೀಲ್ಡ್ ಮೊದಲು. ತಪ್ಪಾಗಿ ಓದಿದರೆ ತೇರು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗುತ್ತದೆ. ಹಾಗೆ ಕಂಡರೆ ಆ ಕ್ಲಿಪ್ಪಿನ ಪ್ರಾಪರ್ಟೀಸ್‌ನಲ್ಲಿ ಸರಿಮಾಡಿ.

ಪ್ರಾಜೆಕ್ಟ್ ಅಳತೆ ಮೊದಲೇ 1080, 25 ಫ್ರೇಮ್ ಅಂತ ನೀವೇ ಇಡಿ. ಆಟೋಮ್ಯಾಟಿಕ್ ಬಿಟ್ಟರೆ ಮೊದಲು ಹಾಕಿದ ಕ್ಲಿಪ್ಪಿನ ಅಳತೆ ಹಿಡಿದುಬಿಡುತ್ತದೆ.

---

ಹಳೇ_ರೀಲು | ಶುಕ್ರವಾರ ಮಧ್ಯಾಹ್ನ 1:05

ಅಗಲದ ಮಾತಿಗೆ ನಾ ಜಗಳಕ್ಕೂ ತಯಾರ್. 4:3 ಚಿತ್ರ 4:3 ಆಗೇ ಇರ್ಲಿ. 1080ರ ಎತ್ತರಕ್ಕ ಏರಿಸಿದ್ರ ಅಗಲ 1440 ಆಗ್ತದ, ಎರಡೂ ಬದಿಗೆ ಕರಿ ಪಟ್ಟಿ ಉಳೀತಾವ. ಉಳೀಲಿ. ಪರದಾ ತುಂಬಲಿ ಅಂತ ಎಳದ್ರ ಅಪ್ಪ ಮತ್ತ ಕುಂಬಳಕಾಯಿ. ಮ್ಯಾಲ-ತಳಗ ಕತ್ತರಿಸಿದ್ರ ಮದುಮಗನ ಬಾಸಿಂಗ ಹೋಗ್ತದ. ಬದಿಗೆ ಅದೇ ಚಿತ್ರ ಮಸುಕು ಮಾಡಿ ತುಂಬೋ ಫ್ಯಾಷನ್ ಒಂದು ಬಂದದ. ನನಗ ಅದು ಸೇರಂಗಿಲ್ಲ, ಕಣ್ಣು ನಡುವ ನಿಲ್ಲಂಗಿಲ್ಲ.

25 ಫ್ರೇಮಿನ ಬಗ್ಗಿ ಅಕ್ಕಾರ ಜತಿ ನಂದು ಅರ್ಧ ಒಪ್ಪಿಗಿ. ಟೇಪಿನ್ಯಾಗ, ಡಿಸ್ಕಿನ್ಯಾಗ ಸೆಕೆಂಡಿಗೆ 50 ಕಂತು ಇರ್ತಾವ, ಟ್ಯೂಬ್ ಟಿವಿದಾಗ ತೇರು ನೀರಿನಂಗ ಹರೀತಿತ್ತು. 25ಕ್ಕ ಇಳಿಸಿದ್ರ ಆ ಹರಿವು ಹೋಗ್ತದ.

---

ಗಣಕಮ್ಮ | ಶುಕ್ರವಾರ ರಾತ್ರಿ 9:20

ಕಾಕಾ ಹೇಳುವುದು ನಿಜ. 50 ಫ್ರೇಮಿಗೆ ಬಿಡಿಸಿದರೆ ಹರಿವು ಉಳಿಯುತ್ತದೆ. ಆದರೆ ಈ ಐ3, ಈ ಗಡುವು ನೋಡಿ 25 ಅಂದೆ. ಮೂಲ ಡಿವಿ, ವಿಒಬಿ ಫೈಲು ಅಳಿಸದೆ ಇಟ್ಟುಕೊಂಡಿದ್ದರೆ ತೇರನ್ನು ಮುಂದಿನ ವರ್ಷವೂ 50ಕ್ಕೆ ಬಿಡಿಸಬಹುದು. ಎರಡು ಡಿಸ್ಕಿನಲ್ಲಿ ಇಡಿ, ಒಂದು ಅಕ್ಕನ ಮನೆಯಲ್ಲಿರಲಿ. ಟೇಪೂ ಎಸೆಯಬೇಡಿ.

ಹೊರಡಿಸುವಾಗ ಎಂಪಿ4, ಎಚ್.264, ಧ್ವನಿ ಎಎಸಿ. ಟಿವಿಗೆ ಪೆನ್ ಡ್ರೈವ್ ಹಚ್ಚುತ್ತೀರಲ್ಲ, 12 ಮೆಗಾಬಿಟ್ ಇಟ್ಟರೆ 20 ನಿಮಿಷಕ್ಕೆ 1.8 ಜಿಬಿ ಆಸುಪಾಸು ಬರುತ್ತದೆ, ಫ್ಯಾಟ್32 ಪೆನ್ ಡ್ರೈವಿನಲ್ಲೂ ಹಿಡಿಸುತ್ತದೆ. ಸಮಾರಂಭದ ಹಿಂದಿನ ದಿನವೇ ಅದೇ ಟಿವಿಯಲ್ಲಿ ಕೊನೆತನಕ ಓಡಿಸಿ ನೋಡಿ. ಮತ್ತೆ, ಮಟಮಟ ಮಧ್ಯಾಹ್ನ ರೆಂಡರ್ (ಹೊರಡಿಸುವ ಕೆಲಸ) ಇಡಬೇಡಿ, ಈ ಸೆಖೆಯಲ್ಲಿ ಪ್ರೊಸೆಸರ್ ಬಿಸಿಯಾಗಿ ತಾನೇ ನಿಧಾನ ಆಗುತ್ತದೆ. ರಾತ್ರಿ ಇಟ್ಟು ಮಲಗಿ.

---

ಬೆಂದಕಾಳೂರಿಗ | ಶುಕ್ರವಾರ ರಾತ್ರಿ 9:50

ನಮ್ಮನೇಲೂ ಮೂರು ಮಿನಿ ಡಿವಿ ಟೇಪ್ ಸಿಕ್ತು ಮೇಡಂ, ಅಟ್ಟದ ಮೇಲೆ. ಸುಮ್ನೆ ಹೇಳ್ದೆ.

---

ಖಾಲಿಪೀಲಿ | ಶುಕ್ರವಾರ ರಾತ್ರಿ 9:52

ಅಪ್‌ಲೋಡ್ ಮಾಡ್ರಿ ಸಾಹೇಬ್ರ.

---

ಶಹಾಬಾದ್‌ಕಲ್ಲು | ಒಂದೂವರೆ ತಿಂಗಳ ಮ್ಯಾಲ, ಸೋಮವಾರ

ನಿನ್ನೆ ಆಯ್ತ್ರಿ ಕಾರ್ಯಕ್ರಮ. 20 ನಿಮಿಷ ಅಂದಿದ್ದು 26 ಆಯ್ತು. ಕರಿ ಪಟ್ಟಿ ಇಟ್ಟೇ ಹಚ್ಚಿದೆ, ಯಾರೂ ಕೇಳಲಿಲ್ಲ. ಚಪ್ಲಿ ತುಣುಕು ಬಂದಾಗ ಮಂದಿ ನಕ್ಕ ಸಪ್ಪಳಕ್ಕ ಮುಂದಿನ ಮಾತು ಕೇಳಿಸ್ಲಿಲ್ಲ, ಮತ್ತ ಹಿಂದಕ್ಕ ಹೋಗಿ ಹಚ್ಚಬೇಕಾಯ್ತು. ಅಪ್ಪ ಮಾತ್ರ "ನಾ ಚಪ್ಲಿ ಹಾಕ್ಕೊಂಡಿರಲೇ ಇಲ್ಲ" ಅಂತ ಇವತ್ತು ಮುಂಜಾನಿ ತನಕ ವಾದ ಮಾಡಲತ್ತಾನ. ಫ್ರೇಮ್ ನಿಲ್ಲಿಸಿ ತೋರಿಸಿದೆ. "ಅದು ನೆರಳು" ಅಂದ.

ಹಳೇ_ರೀಲು ಕಾಕಾ, ನಿಮ್ಮ ಕಾರ್ಡು, ವೈರು ಇನ್ನೂ ನನ್ನ ಹತ್ರಾನೇ ಅವ. ಯಾವಾಗ ತಂದು ಕೊಡ್ಲಿ?

---

ಹಳೇ_ರೀಲು | ಸೋಮವಾರ ಸಂಜೆ 6:30

ನನಗ್ಯಾಕ, ಮತ್ತ ಧೂಳಿಗೆ? ಯಾದಗಿರಿ ತಮ್ಮ ಕೇಳಿದ್ನಲ್ಲ, ಅಮೇರಿಕಾ ಟೇಪಿನಾಂವ. ಅವಗ ಮುಟ್ಟಿಸು.

---

ಭೀಮಾತೀರ | ಯಾದಗಿರಿ | ಸೋಮವಾರ ಸಂಜೆ 7:05

ನಾಳೆ ನಮ್ಮ ಕಾಕಾನ ಮಗ ಕಲಬುರಗಿಗೆ ದವಾಖಾನಿಗೆ ಬರ್ಲತ್ತಾನ. ಸಂಜಿ ಗಾಡಿಗೆ ವಾಪಸ್. ಸ್ಟೇಷನ್‌ದಾಗ ಕೊಟ್ರ ತರ್ತಾನ. ವೈರಿನ ಎರಡೂ ಕಡಿ ನೋಡಿ ಕೊಡ್ರಿ, ನನ್ನ ಕ್ಯಾಮೆರಾಕ್ಕೂ 4 ಪಿನ್ನೇ ಬೇಕು.